ವಿಐಎನ್ ತುಂಬಿ ಕಳಿಸುವ ರೀಮ್ಯಾನ್ ಇಸಿಎಂ: ಎರಡು ವರ್ಷ ಓಡಿಸಿದ ಮೇಲೆ

ಡಬ್ಬ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಇಸಿಎಂ, ಚೆನ್ನಾಗಿದೆ. ಅದರ ಮೇಲೆ ಅಂಟಿಸಿರುವ ‘ಪ್ಲಗ್ ಆಂಡ್ ಪ್ಲೇ’ (ಚುಚ್ಚಿದರೆ ಸಾಕು, ಓಡುತ್ತದೆ) ಚೀಟಿ ಮಾತ್ರ ಅರ್ಧ ಸತ್ಯ. ವಿ8 ಪೆಟ್ರೋಲ್ ಪಿಕಪ್ ಟ್ರಕ್ಕಿನಲ್ಲಿ ಎರಡು ವರ್ಷ ಓಡಿದ ಲೆಕ್ಕದಲ್ಲಿ 5ಕ್ಕೆ 4 ಸ್ಟಾರ್.

ರೀಮ್ಯಾನ್ ಅಂದರೆ ಕಂಪನಿಯ ಹಳೆಯ ಡಬ್ಬವನ್ನೇ ತೆರೆದು, ಸತ್ತ ಕೆಪಾಸಿಟರ್ ಮತ್ತು (ಕಾಯಿಲ್, ಇಂಜೆಕ್ಟರುಗಳನ್ನು ಆನ್-ಆಫ್ ಮಾಡುವ) ಡ್ರೈವರ್ ಟ್ರಾನ್ಸಿಸ್ಟರ್ ಬದಲಿಸಿ, ಬಿರುಕುಬಿಟ್ಟ ಬೆಸುಗೆ ಮತ್ತೆ ಹಾಕಿ, ಬೆಂಚಿನ ಮೇಲೆ ಪರೀಕ್ಷಿಸಿ, ನಿಮ್ಮ ಗಾಡಿಯ 17 ಅಕ್ಷರದ ಗುರುತಿನ ಸಂಖ್ಯೆ ವಿಐಎನ್ ಮತ್ತು ಸಾಫ್ಟ್‌ವೇರ್ ತುಂಬಿ ಕಳಿಸುವುದು. ಗುಜರಿಯಿಂದ ತಂದ ಡಬ್ಬಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಆ ವಿಐಎನ್. ಗುಜರಿಯದ್ದರಲ್ಲಿ ಬೇರೆ ಗಾಡಿಯ ಗುರುತು ಕೂತಿರುತ್ತದೆ, ಕೀ ಗುರುತಿಸಿ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಅದನ್ನು ಒಪ್ಪುವುದಿಲ್ಲ.

ಆರ್ಡರ್ ಮಾಡುವ ಮುಂಚಿನ ಕೆಲಸವೇ ಈ ರಿಪೇರಿಯ ಮುಕ್ಕಾಲು ಪಾಲು. ಕೀ ಆನ್ ಮಾಡಿದರೆ ಚೆಕ್ ಎಂಜಿನ್ ಲೈಟ್ ಉರಿಯುವುದಿಲ್ಲ, ಸ್ಕ್ಯಾನರಿಗೆ ಎಂಜಿನ್ ಮಾಡ್ಯೂಲ್ ಸಿಗುವುದಿಲ್ಲ, ಸೆಲ್ಫ್ ಹೊಡೆಯುತ್ತದೆ ಆದರೆ ಎಂಜಿನ್ ಹಿಡಿಯುವುದಿಲ್ಲ. ಈ ಮೂರೂ ಒಟ್ಟಿಗೆ ಬಂದರೆ ಎಲ್ಲರ ಕೈಯೂ ಇಸಿಎಂ ಕಡೆಗೇ ಹೋಗುತ್ತದೆ. ಫ್ಯೂಸ್ ಹೋಗಿದ್ದರೂ, ಮುಖ್ಯ ರಿಲೇ ಎಳೆಯದಿದ್ದರೂ, ಅರ್ಥ್ ವೈರಿಗೆ ಕಿಲುಬು ಹಿಡಿದಿದ್ದರೂ ಇವೇ ಮೂರು ಲಕ್ಷಣ.

ಇಲ್ಲಿ ಮಲ್ಟಿಮೀಟರನ್ನು ಪೂರ್ತಿ ನಂಬಬೇಡಿ. ಒಂದೇ ಎಳೆ ತಾಮ್ರ ಉಳಿದ ವೈರ್ ಕೂಡ ಮೀಟರಿನಲ್ಲಿ 12.4 ವೋಲ್ಟ್ ತೋರಿಸುತ್ತದೆ, ಮೀಟರ್ ಕರೆಂಟನ್ನೇ ಎಳೆಯುವುದಿಲ್ಲವಲ್ಲ. ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರ್ ಬೆಸೆದು, ಕಳಚಿದ ಇಸಿಎಂ ಕಪ್ಲರಿನ (ವೈರ್ ಗೊಂಚಲಿನ ಪ್ಲಗ್ಗಿನ) ಪವರ್ ಪಿನ್ ಮತ್ತು ಅರ್ಥ್ ಪಿನ್ ನಡುವೆ ಹಿಡಿಯಿರಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಗೆ ನೇರವಾಗಿ ಹಿಡಿದಾಗ ಉರಿದಷ್ಟೇ ಪ್ರಕಾಶಮಾನವಾಗಿ ಇಲ್ಲೂ ಉರಿಯಬೇಕು. ಬಲ್ಬಿನೊಳಗಿನ ತಂತಿ ಕೆಂಡದ ಹಾಗೆ ಕೆಂಪಗೆ ಮಿಣುಕಿದರೆ ತಪ್ಪು ವೈರಿಂಗಿನಲ್ಲಿದೆ, ಎಷ್ಟು ಡಬ್ಬ ಬದಲಿಸಿದರೂ ಅಷ್ಟೇ. ಕಪ್ಲರ್ ಹಾಕಿಕೊಂಡೇ ಅಳೆಯುವುದಾದರೆ, ಸೆಲ್ಫ್ ಹೊಡೆಯುವಾಗ ಇಸಿಎಂ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಒಂದು ಎಚ್ಚರ: ಮೀಟರಿನ ದಪ್ಪ ಮೊನೆಯನ್ನು ಪಿನ್ನಿನ ಬಾಯಿಗೆ ತುರುಕಬೇಡಿ. ಬಾಯಿ ಒಮ್ಮೆ ಅಗಲವಾದರೆ, ಗುಂಡಿಗೆ ಬಿದ್ದಾಗಲೆಲ್ಲ ಎಂಜಿನ್ ತೊದಲುವ ಹೊಸ ರೋಗ ಶುರುವಾಗುತ್ತದೆ. ಅದನ್ನು ಹುಡುಕುವುದು ಡಬ್ಬ ಹುಡುಕುವುದಕ್ಕಿಂತ ಕಷ್ಟ.

ಪವರ್, ಅರ್ಥ್ ಸರಿಯಿದ್ದೂ ಡಬ್ಬ ಸುಮ್ಮನಿದ್ದರೆ 5 ವೋಲ್ಟ್ ರೆಫರೆನ್ಸ್ ನೋಡಿ. ಥ್ರಾಟಲ್, ಮ್ಯಾಪ್ (ಇನ್‌ಟೇಕ್ ಒತ್ತಡ), ಆಯಿಲ್ ಪ್ರೆಶರ್ ಇಂಥ ಎಷ್ಟೋ ಸೆನ್ಸರುಗಳಿಗೆ ಇಸಿಎಂ ಒಂದೇ 5 ವೋಲ್ಟ್ ಲೈನಿನಿಂದ ಹಂಚುತ್ತದೆ. ಅದರಲ್ಲಿ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ ಇಡೀ ಲೈನ್ ನೆಲಕಚ್ಚುತ್ತದೆ. ಸ್ಕ್ಯಾನರ್ ತೋರಿಸುವ ಪಿ0641, ಪಿ0651 ದೋಷ ಕೋಡುಗಳು ಹೇಳುವುದು ಇದನ್ನೇ. ಸೆನ್ಸರುಗಳ ಕಪ್ಲರ್ ಒಂದೊಂದಾಗಿ ಕಳಚುತ್ತಾ ಬನ್ನಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಎದ್ದು ನಿಲ್ಲುತ್ತದೋ ಕಳ್ಳ ಅದೇ.

ಯು0100 ಬಂದರೆ ಬೇರೆ ಮಾಡ್ಯೂಲುಗಳಿಗೆ ಇಸಿಎಂ ಸಿಗುತ್ತಿಲ್ಲ ಎಂದಷ್ಟೇ ಅರ್ಥ, ಸತ್ತಿದೆ ಎಂದಲ್ಲ. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಹಾಕುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಓಂ ಆಸುಪಾಸು ಬರಬೇಕು. 120 ಬಂದರೆ, ಮಾಡ್ಯೂಲುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನ ಒಂದು ಕೊನೆ ತುಂಡಾಗಿದೆ. ಬಹಳಷ್ಟು ಗಾಡಿಗಳಲ್ಲಿ ಒಂದು ಕೊನೆಯ ರೆಸಿಸ್ಟರ್ ಇಸಿಎಂ ಒಳಗೇ ಇರುವುದರಿಂದ, ಇಸಿಎಂ ಕಳಚಿಟ್ಟು ಅಳೆದರೆ 120 ಬರುವುದು ಸಹಜ, ಗಾಬರಿ ಬೇಡ. ಗೇಟ್‌ವೇ (ಸಾಕೆಟ್ಟಿಗೂ ಆ ಲೈನಿಗೂ ನಡುವಿನ ಮಾಡ್ಯೂಲ್) ಇರುವ ಹೊಸ ಗಾಡಿಗಳಲ್ಲಿ ಈ ಲೆಕ್ಕ ಬೇರೆ. ಇಷ್ಟೆಲ್ಲ ದಾಟಿ, ಪಿ0601, ಪಿ0604, ಪಿ0605 ಅಥವಾ ಪಿ0606 ಅಳಿಸಿದ ಕೂಡಲೇ ಮತ್ತೆ ಮತ್ತೆ ಬರುತ್ತಿದ್ದರೆ, ಆಗ ಡಬ್ಬದ ಮೆಮೊರಿ ಅಥವಾ ಪ್ರೊಸೆಸರ್ ಹೋಗಿದೆ ಎನ್ನಬಹುದು. ಪಿ0602 ಮಾತ್ರ ಬೇರೆ ಜಾತಿ. ಅದು ಸಾಫ್ಟ್‌ವೇರ್ ಸರಿಯಾಗಿ ತುಂಬಿಲ್ಲ ಎನ್ನುವ ದೂರು.

ಇನ್ನು, ಹಳೆಯ ಡಬ್ಬ ಯಾಕೆ ಸತ್ತಿತು? ಇದಕ್ಕೆ ಉತ್ತರವಿಲ್ಲದೆ ಹೊಸದನ್ನು ಕೂರಿಸಿದರೆ ಅದನ್ನೂ ಕೊಂದಂತೆ. ಒಂದೇ ಸಿಲಿಂಡರಿಗೆ ಸ್ಪಾರ್ಕ್ ನಿಂತಿದ್ದರೆ ಆ ಇಗ್ನಿಷನ್ ಕಾಯಿಲ್ ಶಾರ್ಟ್ ಆಗಿ ಅದರ ಡ್ರೈವರನ್ನು ಸುಟ್ಟಿರುವ ಸಾಧ್ಯತೆ ಹೆಚ್ಚು. ಕಾಯಿಲ್ ಬದಲಿಸದೆ ಡಬ್ಬ ಬದಲಿಸಿದರೆ ಹೊಸ ಡ್ರೈವರೂ ಸುಡುತ್ತದೆ, ವಾರಂಟಿಯವರು ಸುಟ್ಟ ಬೋರ್ಡ್ ನೋಡಿ ಕೈಚೆಲ್ಲುತ್ತಾರೆ. ಇಂಜೆಕ್ಟರುಗಳ ಓಂ ಅಳೆಯಿರಿ. ಸಾಮಾನ್ಯ ಪೋರ್ಟ್ ಇಂಜೆಕ್ಟರುಗಳು 12ರಿಂದ 16 ಓಂ ಒಳಗೆ, ಎಲ್ಲವೂ ಒಂದಕ್ಕೊಂದು ಹತ್ತಿರ ಇರಬೇಕು. ಡ್ರೈವರ್ ಕಾಯಿಲಿನ ಒಳಗೇ ಇರುವ ಮಾದರಿಗಳಲ್ಲಿ ಓಂ ಅಳೆದು ಪ್ರಯೋಜನವಿಲ್ಲ, ಒಂದು ಸಿಲಿಂಡರಿನದ್ದನ್ನು ಇನ್ನೊಂದಕ್ಕೆ ಅದಲುಬದಲು ಮಾಡಿ ನೋಡಬೇಕು. ಕಪ್ಲರಿನ ಒಳಗೆ ಹಸಿರು ಕಿಲುಬು ಕಂಡರೆ ನೀರಿನ ದಾರಿ ಹುಡುಕಿ. ಎಷ್ಟೋ ಸಲ ನೀರು ಮೇಲಿಂದ ಸುರಿದಿರುವುದಿಲ್ಲ, ಎಲ್ಲೋ ಸಿಪ್ಪೆ ಹರಿದ ವೈರಿನೊಳಗಿನ ಎಳೆಗಳ ಗುಂಟ ಹರಿದು ಬಂದಿರುತ್ತದೆ. ಟ್ರಕ್ಕುಗಳಲ್ಲಿ ಇನ್ನೊಂದು ಕಾರಣ ವೆಲ್ಡಿಂಗ್. ಚಾಸಿಗೆ ಬೆಸುಗೆ ಹಾಕುವಾಗ ಬ್ಯಾಟರಿ ಬಿಚ್ಚಿ, ಇಸಿಎಂ ಕಪ್ಲರ್ ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಬೇಕು. ಎರಡು ನಿಮಿಷದ ಸೋಮಾರಿತನಕ್ಕೆ ಡಬ್ಬವೇ ಬಲಿ.

ಆರ್ಡರ್ ಮಾಡುವಾಗ ವಿಐಎನ್ ಒಂದೇ ಸಾಲದು, ಡಬ್ಬದ ಮೇಲಿನ ಹಾರ್ಡ್‌ವೇರ್ ನಂಬರ್ ಅಕ್ಷರಶಃ ಹೊಂದಬೇಕು. ಟೈರ್ ಅಳತೆ ಅಥವಾ ಆಕ್ಸಲ್ ಅನುಪಾತ ಬದಲಿಸಿದ ಗಾಡಿಯಾದರೆ ಅದನ್ನೂ ತಿಳಿಸಿ, ಇಲ್ಲವಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಹಳೆಯ ಡಬ್ಬ ಇನ್ನೂ ಉಸಿರಾಡುತ್ತಿದ್ದರೆ ಸ್ಕ್ಯಾನರಿನ ಮೋಡ್ 9ರಲ್ಲಿ ಕ್ಯಾಲಿಬ್ರೇಷನ್ ಐಡಿ (ಸಾಫ್ಟ್‌ವೇರ್ ಆವೃತ್ತಿಯ ಗುರುತು) ಬರೆದಿಟ್ಟುಕೊಳ್ಳಿ.

ಕೂರಿಸುವ ಕೆಲಸ ಚಿಕ್ಕದು. ಕೀ ತೆಗೆದು ಮಾಡ್ಯೂಲುಗಳು ಮಲಗುವವರೆಗೆ ಕೆಲವು ನಿಮಿಷ ಕಾದು ಬ್ಯಾಟರಿ ಮೈನಸ್ ಬಿಚ್ಚುವುದು, ಕೈಯ ಸ್ಟ್ಯಾಟಿಕ್ ಇಳಿಯಲು ಬಾಡಿಯ ಬರಿ ಲೋಹ ಮುಟ್ಟುವುದು, ಕಪ್ಲರಿನ ಲಿವರನ್ನು ಪೂರ್ತಿ ಎತ್ತಿಯೇ ಎಳೆಯುವುದು. ಹಾಕುವಾಗ ಕೈಯಿಂದ ನೇರವಾಗಿ ಕೂರಿಸಿ, ಕೊನೆಯ ಅರ್ಧ ಇಂಚನ್ನು ಲಿವರೇ ಎಳೆದುಕೊಳ್ಳಲಿ. ಒತ್ತಿ ಕೂರಿಸಿದರೆ ಪಿನ್ ಮಡಚುತ್ತದೆ. ಗ್ರೀಸನ್ನು ರಬ್ಬರ್ ಸೀಲಿಗೆ ಮಾತ್ರ ತೆಳುವಾಗಿ ಸವರಿ, ಪಿನ್ನುಗಳ ಮೇಲೆ ಮೆತ್ತಬೇಡಿ.

‘ಪ್ಲಗ್ ಆಂಡ್ ಪ್ಲೇ’ ಕೈಕೊಡುವುದು ಇದರ ನಂತರ, ಇಮ್ಮೊಬಿಲೈಸರಿಗೆ ಹೊಸ ಡಬ್ಬದ ಪರಿಚಯ ಮಾಡಿಸುವಾಗ. ಕೆಲವು ಹಳೆಯ ಜಿಎಂ ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆಯೇ ಸೆಕ್ಯುರಿಟಿ ಕಲಿಸಬಹುದು. ಕೀ ಆನ್ ಮಾಡಿ ಸುಮಾರು 10 ನಿಮಿಷ ಕಾದರೆ ಸೆಕ್ಯುರಿಟಿ ಲೈಟ್ ಆರುತ್ತದೆ, ಕೀ ಆಫ್ ಮಾಡಿ ಮತ್ತೆ ಅದೇ, ಒಟ್ಟು ಮೂರು ಸಲ. ಅರ್ಧ ಗಂಟೆ ಕೀ ಆನ್ ಇರುವುದರಿಂದ ಬ್ಯಾಟರಿ ಗಟ್ಟಿಯಾಗಿರಬೇಕು. ಫೋರ್ಡಿನಲ್ಲಿ ಸ್ಕ್ಯಾನರಿನಿಂದ ಪ್ಯಾಟ್ಸ್ (ಫೋರ್ಡಿನ ಇಮ್ಮೊಬಿಲೈಸರ್) ಪ್ಯಾರಾಮೀಟರ್ ರೀಸೆಟ್ ಆಗಬೇಕು. ಹಲವು ಕ್ರೈಸ್ಲರ್, ಡಾಡ್ಜ್ ಗಾಡಿಗಳಲ್ಲಿ ಎಂಜಿನ್ ಹಿಡಿದು ಎರಡು ಸೆಕೆಂಡಿಗೆ ನಿಂತರೆ ಡೀಸೆಲ್‌ಗೋ ಪೆಟ್ರೋಲಿಗೋ ಬೈಯಬೇಡಿ, ಕೀ ಮಾಡ್ಯೂಲ್ ಹೊಸ ಡಬ್ಬವನ್ನು ಗುರುತಿಸಿಲ್ಲ ಅಷ್ಟೇ, ಗಾಡಿಯ ಸೆಕ್ಯುರಿಟಿ ಪಿನ್ ಕೋಡ್ ಹಾಕಿ ಜೋಡಿಸಬೇಕು. ಸಾಫ್ಟ್‌ವೇರನ್ನು ಗಾಡಿಯಲ್ಲೇ ತುಂಬುವುದಾದರೆ 13.5 ವೋಲ್ಟ್ ಆಸುಪಾಸು ಸ್ಥಿರವಾಗಿ ಕೊಡುವ ಪವರ್ ಸಪ್ಲೈ ಬೇಕು. ಸಾಮಾನ್ಯ ಚಾರ್ಜರಿನ ವೋಲ್ಟೇಜ್ ಅಲುಗಾಡುತ್ತದೆ, ನಡುವೆ ಕಡಿತವಾದರೆ ಡಬ್ಬ ಸತ್ತು ಇಟ್ಟಿಗೆಯಾಗುತ್ತದೆ.

ಮೊದಲ ವಾರದ ವರ್ತನೆ ನೋಡಿ ಡಬ್ಬವನ್ನು ತೂಗಬೇಡಿ. ಫ್ಯೂಯೆಲ್ ಟ್ರಿಮ್ (ಇಂಧನದ ಅಳತೆಗೆ ಡಬ್ಬ ಮಾಡಿಕೊಳ್ಳುವ ತಿದ್ದುಪಡಿ) ಸೊನ್ನೆಯಿಂದ ಶುರುವಾಗುತ್ತದೆ, ಐಡಲ್ ಏರಿಳಿಯುತ್ತದೆ, ಗೇರ್‌ಬಾಕ್ಸ್ ನಿಯಂತ್ರಣವೂ ಅದೇ ಡಬ್ಬದಲ್ಲಿದ್ದರೆ ಗೇರ್ ಬದಲಾಗುವಾಗ ಬೆನ್ನಿಗೆ ಗುದ್ದಿದಂತಾಗುತ್ತದೆ. ಓಡುತ್ತಾ ಓಡುತ್ತಾ ಇವೆಲ್ಲ ತಿಳಿಯಾಗುತ್ತವೆ. ಪಿ0315 (ಕ್ರ್ಯಾಂಕ್ ಸೆನ್ಸರಿನ ಸಣ್ಣ ವ್ಯತ್ಯಾಸಗಳನ್ನು ಡಬ್ಬ ಇನ್ನೂ ಕಲಿತಿಲ್ಲ ಎನ್ನುವ ಕೋಡ್) ಮಾತ್ರ ತಾನಾಗಿ ಹೋಗುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಕ್ರ್ಯಾಂಕ್ ವೇರಿಯೇಷನ್ ಕಲಿಕೆ ಶುರುಮಾಡಿ, ಇಂಧನ ತಾನೇ ಕಡಿತವಾಗುವವರೆಗೆ ಆಕ್ಸಿಲರೇಟರ್ ಒತ್ತಿ, ಕಡಿತವಾದ ಕ್ಷಣ ಕಾಲು ತೆಗೆಯಬೇಕು. ಅಲ್ಲಿಯವರೆಗೆ ಮಿಸ್‌ಫೈರ್ ಪತ್ತೆಯನ್ನು ನಂಬುವಂತಿಲ್ಲ. ಹೊಗೆ ತಪಾಸಣೆಗೂ ಆತುರಪಡಬೇಡಿ, ರೆಡಿನೆಸ್ ಮಾನಿಟರುಗಳೆಲ್ಲ (ಹೊಗೆ ನಿಯಂತ್ರಣದ ಬಗ್ಗೆ ಡಬ್ಬ ತಾನೇ ಮಾಡುವ ಪರೀಕ್ಷೆಗಳು) ಖಾಲಿಯಾಗಿರುತ್ತವೆ. ಇವ್ಯಾಪ್ (ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ) ಮಾನಿಟರಿಗೆ ತಣ್ಣಗಿನ ಸ್ಟಾರ್ಟ್ ಬೇಕು, ಟ್ಯಾಂಕ್ ತುಂಬಿರಲೂಬಾರದು, ಬರಿದಾಗಿರಲೂಬಾರದು.

ಡೀಸೆಲ್ ಗಾಡಿಯವರು ಇಂಜೆಕ್ಟರಿನ ತಲೆಯ ಮೇಲಿನ ಕೋಡುಗಳನ್ನು ಸಿಲಿಂಡರ್‌ವಾರು ಬರೆದು ಹೊಸ ಡಬ್ಬಕ್ಕೆ ತುಂಬಲೇಬೇಕು. ಬಿಟ್ಟರೆ ಐಡಲಿನಲ್ಲಿ ಟಕಟಕ, ಹೊಗೆ. ಡಿಪಿಎಫ್‌ನ (ಹೊಗೆಯ ಮಸಿ ಹಿಡಿಯುವ ಫಿಲ್ಟರಿನ) ಮಸಿ ಲೆಕ್ಕವನ್ನೂ ದಾಟಿಸಬೇಕು, ಇಲ್ಲದಿದ್ದರೆ ತುಂಬಿದ ಫಿಲ್ಟರನ್ನು ಡಬ್ಬ ಖಾಲಿ ಎಂದುಕೊಳ್ಳುತ್ತದೆ. ಫೋರ್ಡಿನ 6.0 ಲೀಟರ್ ಪವರ್‌ಸ್ಟ್ರೋಕ್‌ನಲ್ಲಿ ತಣ್ಣಗಿದ್ದಾಗ ಸ್ಟಾರ್ಟ್ ಆಗದಿದ್ದರೆ ಇಸಿಎಂಗಿಂತ ಮೊದಲು ಎಫ್‌ಐಸಿಎಂ ನೋಡಿ. ಅದು ಇಂಜೆಕ್ಟರುಗಳನ್ನು ನಡೆಸುವ ಪ್ರತ್ಯೇಕ ಡಬ್ಬ, ಅವುಗಳಿಗೆ ಕೊಡಬೇಕಾದದ್ದು 48 ವೋಲ್ಟ್. ಸೆಲ್ಫ್ ಹೊಡೆಯುವಾಗ 45ರ ಕೆಳಗೆ ಜಾರಿದರೆ ತೊಂದರೆ ಅಲ್ಲಿದೆ.

ಎರಡು ವರ್ಷದ ನಂತರದ ಸ್ಥಿತಿ: ಪಿ06 ಸಾಲಿನ ಒಂದು ಕೋಡೂ ಮರಳಿಲ್ಲ, ಲಾಂಗ್ ಟರ್ಮ್ ಟ್ರಿಮ್ ಎರಡೂ ಸಿಲಿಂಡರ್ ಸಾಲಿನಲ್ಲಿ 5 ಪರ್ಸೆಂಟಿನ ಒಳಗೇ ಇದೆ, ಗಾಡಿ ಮಲಗಿದ ಮೇಲೆ ಬ್ಯಾಟರಿಯಿಂದ ಎಳೆಯುವ ಕರೆಂಟ್ 50 ಮಿಲಿಆಂಪಿಯರ್ ದಾಟುವುದಿಲ್ಲ. ಸ್ಟಾರ್ ಕಳೆದದ್ದು ಮೂರು ಕಾರಣಕ್ಕೆ. ಬಂದ ಸಾಫ್ಟ್‌ವೇರ್ ಹಳೆಯ ಆವೃತ್ತಿ, ಮತ್ತೆ ಅಪ್‌ಡೇಟ್ ಮಾಡಬೇಕಾಯಿತು. ಸೆಕ್ಯುರಿಟಿ ಕಲಿಕೆಯ ಬಗ್ಗೆ ಪೆಟ್ಟಿಗೆಯಲ್ಲಿ ಒಂದು ಚೂರು ಕಾಗದವೂ ಇಲ್ಲ. ಹಳೆಯ ಡಬ್ಬ ವಾಪಸ್ ಕಳಿಸಿದರೆ ಮಾತ್ರ ಠೇವಣಿ ಸಿಗುತ್ತದೆ, ಆದರೆ ಸೀಲ್ ಒಡೆದದ್ದು, ನೀರು ಕುಡಿದದ್ದು, ಸುಟ್ಟದ್ದು ಬೇಡವಂತೆ. ಕುತೂಹಲಕ್ಕೆ ಮುಚ್ಚಳ ಎಬ್ಬಿಸುವವರು ಮೊದಲು ಆ ಷರತ್ತು ಓದಿಕೊಳ್ಳಿ. ಹೊಸದು ಓಡಿ ಸ್ವಲ್ಪ ದಿನವಾಗುವವರೆಗೆ ಹಳೆಯದನ್ನು ಕಳಿಸಲೂಬೇಡಿ, ಅದರೊಳಗಿನ ಮಾಹಿತಿ ಯಾವಾಗ ಬೇಕಾಗುತ್ತದೋ ಹೇಳಲಾಗದು.