ಡಬ್ಬದ ಮೇಲಿನ 5.7ಕೆ ನೋಡಿ 360 ಕ್ಯಾಮೆರಾ ತಗೋಬೇಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ ಮಾರಾಟ, ಬಾಡಿಗೆ ವ್ಯವಹಾರ ಮಾಡುವ ನಮ್ಮ ಊರಿನವರೊಬ್ಬರಿದ್ದಾರೆ. ಕಳೆದ ಮಳೆಗಾಲಕ್ಕೆ ಮುಂಚೆ ಫೋನ್ ಮಾಡಿದರು. "ಆರು ಮನೆ ಉಂಟು. ಜನ ಫೋನಲ್ಲೇ ಮನೆಯೊಳಗೆ ತಿರುಗಿ ನೋಡ್ಬೇಕು, ಹಾಗೆ ಫೋಟೊ ತೆಗೆದುಕೊಡ್ತೀಯಾ?" ಇಪ್ಪತ್ತು ವರ್ಷದಿಂದ ಮದುವೆ, ಉಪನಯನದ ಫೋಟೊ ತೆಗೆದವನು ನಾನು. ಇದೆಂಥ ಮಹಾ ಅಂದುಕೊಂಡು ಒಪ್ಪಿದೆ. ₹38 ಸಾವಿರ ಹೋದ ಕತೆ ಇದು.

ಸುತ್ತಲಿನದೆಲ್ಲ ಒಂದೇ ಸಲಕ್ಕೆ ಹಿಡಿಯುವ 360 ಕ್ಯಾಮೆರಾ ತಗೊಳ್ಳೋಕೆ ಮುಂಬೈಯ ಫೋರ್ಟ್ ಕಡೆ ಹೋಗಿ ಒಂದು ಅಂಗಡಿಗೆ ನುಗ್ಗಿದೆ. ಹೆಸರು ಬೇಡ. ಹುಡುಗ ಕ್ಯಾಮೆರಾವನ್ನು ಕೋಲಿಗೆ ಸಿಕ್ಕಿಸಿ ನನ್ನನ್ನು ರಸ್ತೆಗೆ ಕರೆದುಕೊಂಡು ಹೋದ. ಒಂದು ಫೋಟೊ ತೆಗೆದು ಫೋನಿನಲ್ಲಿ ಗರಗರ ತಿರುಗಿಸಿ ತೋರಿಸಿದ. ಟ್ಯಾಕ್ಸಿ, ಹಳೇ ಕಟ್ಟಡ, ಆಕಾಶ ಎಲ್ಲ ಚಂದ. ಎಲ್ಲೂ ಜೋಡಿಸಿದ ಗುರುತಿಲ್ಲ. ಡಬ್ಬದ ಮೇಲೆ ದೊಡ್ಡದಾಗಿ 5.7ಕೆ ಅಂತ ಬೇರೆ. ಗೂಗಲ್ ಸ್ಟ್ರೀಟ್ ವ್ಯೂ ಆ್ಯಪ್‌ನಿಂದ ನೇರ ಮ್ಯಾಪ್‌ಗೆ ಹಾಕಬಹುದು ಅಂತಲೂ ಹೇಳಿದ. ಆ ಆ್ಯಪ್ 2023ರ ಮಾರ್ಚ್‌ನಲ್ಲೇ ಮುಚ್ಚಿಹೋಗಿದೆ ಅಂತ ನನಗೆ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಬಿಲ್ ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಅಂದ. ಏಳು ಸಾವಿರ ಉಳಿಯಿತು ಅಂತ ಬಿಲ್ ಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ಬಗ್ಗೆ ನನಗೇ ನಗು ಬರುತ್ತದೆ.

ಮೊದಲ ಮನೆ ಒನ್ ಬಿಎಚ್‌ಕೆ. ಹಾಲ್ ಪರವಾಗಿಲ್ಲ. ಅಡುಗೆಮನೆಗೆ ಬಂದಾಗ ಬಣ್ಣ ಬಯಲಾಯಿತು. ಅಗಲ ಆರಡಿ. ಅದರಲ್ಲಿ ಎರಡಡಿ ಕಡಪ ಕಲ್ಲಿನ ಕಟ್ಟೆ. ಉಳಿದ ಜಾಗದ ಮಧ್ಯೆ ಕ್ಯಾಮೆರಾ ನಿಲ್ಲಿಸಿದರೆ ಕಟ್ಟೆ ಎರಡಡಿ ದೂರ, ಎದುರಿನ ಗೋಡೆಯೂ ಎರಡಡಿ ದೂರ. ಫೋಟೊ ಕಳಿಸಿದ ಅರ್ಧ ಗಂಟೆಗೆ ಫೋನ್ ಬಂತು. "ಎಂಥದು ಮಾರಾಯ, ಕಟ್ಟೆ ತುಂಡಾದ ಹಾಗೆ ಕಾಣ್ತದಲ್ಲ? ಪಾರ್ಟಿ ಕೇಳ್ತಿದ್ದಾರೆ, ಕಲ್ಲು ಒಡೆದಿದೆಯಾ ಅಂತ." ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಹೌದು. ಕಟ್ಟೆಯ ಅಂಚು ಒಂದು ಕಡೆ ಮೆಟ್ಟಿಲಿನ ಹಾಗೆ ಮುರಿದಿತ್ತು. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಬುಧವಾರದ ಅಂಕಿಗಳೆಲ್ಲ ಅರ್ಧ ಮಾಯ.

ಕಾರಣ ಇಷ್ಟೇ. ಈ ಕ್ಯಾಮೆರಾಗಳಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಫಿಶ್ಐ ಲೆನ್ಸ್ ಇರುತ್ತವೆ. ಒಂದೊಂದೂ ಅರ್ಧ ಲೋಕ ನೋಡುತ್ತದೆ, ಆಮೇಲೆ ಸಾಫ್ಟ್‌ವೇರ್ ಎರಡನ್ನೂ ಹೊಲಿಯುತ್ತದೆ. ಆದರೆ ಎರಡು ಲೆನ್ಸ್ ಒಂದೇ ಜಾಗದಲ್ಲಿ ಇಲ್ಲವಲ್ಲ, ನಡುವೆ ಅಂತರ ಇದೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಜಿಗಿಯುತ್ತದೆ. ದೂರದ ಕಟ್ಟಡ ಜಿಗಿಯುವುದಿಲ್ಲ. ಅದಕ್ಕೇ ರಸ್ತೆಯಲ್ಲಿ ತೆಗೆದದ್ದು ಚಂದ ಬಂದಿದ್ದು. ಒಂದು ಮೀಟರಿಗಿಂತ ಹತ್ತಿರ ಏನಾದರೂ ಹೊಲಿಗೆ ಸಾಲಿಗೆ ಸಿಕ್ಕಿತೋ, ಕೆಟ್ಟಿತು. ಮುಂಬೈಯ ಅಡುಗೆಮನೆಯಲ್ಲಿ ಒಂದು ಮೀಟರ್ ಎಲ್ಲಿಂದ ತರೋದು?

ಆಮೇಲೆ ಒಂದು ಉಪಾಯ ಕಲಿತೆ. ಹೊಲಿಗೆ ಬರುವುದು ಕ್ಯಾಮೆರಾದ ಪಕ್ಕೆಯ ಕಡೆ. ಆ ಪಕ್ಕೆಯನ್ನು ಬಾಗಿಲಿನಂಥ ತೆರೆದ ಜಾಗಕ್ಕೆ ತಿರುಗಿಸಿ, ಲೆನ್ಸಿನ ಮುಖವನ್ನು ಕಟ್ಟೆಗೆ ಹಿಡಿದರೆ ಮುಕ್ಕಾಲು ಪಾಲು ತೊಂದರೆ ಕಮ್ಮಿ. ಪೂರ್ತಿ ಹೋಗುವುದಿಲ್ಲ.

ಇನ್ನು 5.7ಕೆ ಮೋಸ. ಮೋಸ ಅನ್ನೋಣವೋ, ನಮ್ಮ ದಡ್ಡತನ ಅನ್ನೋಣವೋ. 5.7ಕೆ ಅಂದರೆ ಸುತ್ತಲೂ ಪೂರ್ತಿ 360 ಡಿಗ್ರಿಗೆ 5760 ಪಿಕ್ಸೆಲ್. ನೋಡುವವರಿಗೆ ಒಂದು ಸಲಕ್ಕೆ ಕಾಣೋದು ಸುಮಾರು 90 ಡಿಗ್ರಿ, ಅಂದರೆ ನಾಲ್ಕನೇ ಒಂದು ಭಾಗ. ಭಾಗಿಸಿದರೆ ಉಳಿಯುವುದು 1440. 1920 ಅಗಲದ ಸಾಧಾರಣ ಮಾನಿಟರ್‌ಗೂ ಸಾಲದು. ಅದೂ ವಿಡಿಯೊದ ಲೆಕ್ಕ. ನನ್ನದರಲ್ಲಿ ಫೋಟೊವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಡಬ್ಬದ ಮೇಲೆ ಏನೇ ಬರೆದಿರಲಿ, ಫೋಟೊದ ಅಗಲ ಎಷ್ಟು ಪಿಕ್ಸೆಲ್ ಅಂತ ಕೇಳಿ, ನಾಲ್ಕರಿಂದ ಭಾಗಿಸಿ.

ಬರೀ ಪಿಕ್ಸೆಲ್ ಜಾಸ್ತಿ ಇದ್ದರೂ ಆಗುವುದಿಲ್ಲ ಅನ್ನಿ. ರಿಕೋ ಕಂಪನಿಯ 360 ಕ್ಯಾಮೆರಾಗಳನ್ನೇ ನೋಡಿ. 2019ರ ಥೀಟಾ ಝಡ್1 ಕೊಡೋದು 6720 ಅಗಲ, ಸುಮಾರು 23 ಮೆಗಾಪಿಕ್ಸೆಲ್. 2022ರ ಥೀಟಾ ಎಕ್ಸ್ ಕೊಡೋದು 11008 ಅಗಲ, ಸುಮಾರು 60. ಆದರೆ ಝಡ್1ರಲ್ಲಿ ಒಂದಿಂಚಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಎರಡಿವೆ, ಎಕ್ಸ್‌ನಲ್ಲಿರೋದು ಅದಕ್ಕಿಂತ ಚಿಕ್ಕವು. ಕತ್ತಲೆ ಕೋಣೆಯಲ್ಲಿ ದೊಡ್ಡ ಸೆನ್ಸರ್ ಕೆಲಸಕ್ಕೆ ಬರುತ್ತದೆ. ಹಾಗಂತ ಝಡ್1ರಲ್ಲಿ ಮೆಮೊರಿ ಕಾರ್ಡ್ ಹಾಕೋಕಾಗಲ್ಲ, ಬ್ಯಾಟರಿ ಬದಲಿಸೋಕಾಗಲ್ಲ. ಎಕ್ಸ್‌ನಲ್ಲಿ ಎರಡೂ ಆಗುತ್ತೆ. ನನ್ನದು ಬೈಕ್ ಸವಾರರಿಗೆ ಮಾಡಿದ ಕ್ಯಾಮೆರಾ. ಮಳೆ ಮೋಡದ ದಿನ ಬೆಡ್‌ರೂಮಿನಲ್ಲಿ ತೆಗೆದರೆ ಗೋಡೆಗೆ ರವೆ ಎರಚಿದ ಹಾಗೆ ಬಂತು, ಕಿಟಕಿ ಬೆಳ್ಳಗೆ ಸುಟ್ಟುಹೋಯಿತು. ಕತ್ತಲೆ, ಬೆಳಕು ಎರಡೂ ಸರಿ ಬರಲಿ ಅಂತ ಎಚ್‌ಡಿಆರ್ ಹಾಕಿದರೆ ಒಂದರ ಹಿಂದೊಂದು ಹಲವು ಫೋಟೊ ತೆಗೆದು ಸೇರಿಸುತ್ತದೆ. ತಿರುಗುವ ಫ್ಯಾನ್ ದೆವ್ವದ ಹಾಗೆ ಕಾಣುತ್ತದೆ. ಫ್ಯಾನ್ ನಿಲ್ಲಿಸಿ ಬೆವರು ಸುರಿಸುತ್ತಾ ಕೆಲಸ ಮಾಡಿದೆ.

ಮಧ್ಯೆ ಇನ್ನೊಂದು. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಬೇಡಿ. ಇದು 360 ಫೋಟೊ ಅಂತ ಫೈಲಿನೊಳಗಿರುವ ಗುರುತು ಅಳಿಸಿಹೋಗಿ, ಎಳೆದ ಚಕ್ಕುಲಿ ಹಾಗೆ ಉದ್ದಕ್ಕೆ ಕಾಣುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಮಾರನೇ ದಿನ ಅಂಗಡಿಗೆ ಹೋದೆ. "ಸೀಲ್ ಟೂಟ್ ಗಯಾ ಸಾಬ್," ಅಂದ ಅದೇ ಹುಡುಗ. ಸೀಲ್ ಒಡೆದಿದೆ, ವಾಪಸ್ ಇಲ್ಲ ಅಂತ. ಗ್ಯಾರಂಟಿ ಕೇಳಿದರೆ ಬಿಲ್ ಎಲ್ಲಿ ಅಂದ. ಬಾಯಿ ಮುಚ್ಚಿಕೊಂಡು ಲೋಕಲ್ ಹತ್ತಿದೆ.

ನೀವು ಹೋಗುವುದಾದರೆ ರಸ್ತೆಯ ಡೆಮೊ ನಂಬಬೇಡಿ. ಅಂಗಡಿಯ ಒಳಗೆ, ಕಪಾಟು ಕೌಂಟರ್ ನಡುವಿನ ಸಂದಿಯಲ್ಲೇ ಕ್ಯಾಮೆರಾ ನಿಲ್ಲಿಸಿ ಒಂದು ಫೋಟೊ ತೆಗೆಸಿ. ಕೌಂಟರಿನ ಅಂಚು, ಕಪಾಟಿನ ಸಾಲು ನೆಟ್ಟಗಿದೆಯಾ ನೋಡಿ. ಪೂರ್ತಿ ಸೈಜಿನ ಫೈಲನ್ನು ಫೋನಿಗೆ ತೆಗೆದುಕೊಂಡು ಮನೆಗೆ ಬನ್ನಿ, ಕಂಪ್ಯೂಟರಿನಲ್ಲಿ ನೋಡಿ ಆಮೇಲೆ ದುಡ್ಡು ಕೊಡಿ. ಆಗಲ್ಲ ಅಂದರೆ ಬೇರೆ ಅಂಗಡಿ ಇದೆ. ಬಿಲ್ ಮಾತ್ರ ಬಿಡಬೇಡಿ.

ಅಡುಗೆಮನೆಗಳನ್ನು ಕೊನೆಗೆ ನನ್ನ ಹಳೇ ಡಿಎಸ್‌ಎಲ್‌ಆರ್‌ನಲ್ಲೇ ಮುಗಿಸಿದೆ. ಫಿಶ್ಐ ಲೆನ್ಸ್ ಸ್ನೇಹಿತರದು, ಲೆನ್ಸ್ ಜಾಗ ಬಿಟ್ಟು ಕದಲದ ಹಾಗೆ ಕ್ಯಾಮೆರಾ ತಿರುಗಿಸುವ ಪನೋರಮಾ ಹೆಡ್ ಬಾಡಿಗೆಗೆ. ಸುತ್ತ ಆರು, ಮೇಲೊಂದು, ಕೆಳಗೊಂದು ತೆಗೆದು ಹ್ಯೂಗಿನ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಜೋಡಿಸಿದೆ. ಒಂದೊಂದು ಕೋಣೆಗೆ ಮುಕ್ಕಾಲು ಗಂಟೆ ಹಿಡಿಯಿತು. ಆ 360 ಕ್ಯಾಮೆರಾವನ್ನು ಅಕ್ಕನ ಮಗ ಬೈಕಿಗೆ ಸಿಕ್ಕಿಸಿಕೊಂಡು ಲೋಣಾವಳಕ್ಕೆ ಹೋಗಿ ಬಂದ. ವಿಡಿಯೊ ಭಾರಿ ಚೆನ್ನಾಗಿ ಬಂದಿದೆ ಮಾಮ ಅಂತಾನೆ. ನಾನಿನ್ನೂ ನೋಡಿಲ್ಲ.