ಬೊಕೆ ಕಳಿಸುವ ಆಪ್: ಎರಡು ದಸರಾ ಬಳಸಿದ ಮೇಲೆ

ಮೈಸೂರಿನಲ್ಲಿ ಹೂ ಕೊಳ್ಳೋದಕ್ಕೂ ಆಪ್ ಬೇಕಾ ಅಂತ ಕೇಳುವವರು ಜಾಸ್ತಿ. ದೇವರ ಪೂಜೆಗೆ, ಮುಡಿಯೋದಕ್ಕೆ ನಾನೂ ದೇವರಾಜ ಮಾರುಕಟ್ಟೆಗೇ ಹೋಗುತ್ತೇನೆ. ಬೊಕೆ ವಿಷಯ ಬೇರೆ. ನಮ್ಮ ಕಚೇರಿಯಲ್ಲಿ ಬೀಳ್ಕೊಡುಗೆ, ಹುಟ್ಟುಹಬ್ಬ, ಅತಿಥಿಗಳ ಸ್ವಾಗತ ಎಲ್ಲಕ್ಕೂ ಬೊಕೆ ತರಿಸುವ ಕೆಲಸ ನನ್ನದು. ಮಧ್ಯಾಹ್ನದ ಕಾರ್ಯಕ್ರಮದ ಸುದ್ದಿ ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತಾಗುತ್ತದೆ. ಹಾಗಾಗಿ ನಮ್ಮೂರಿನ ಹೂವಿನಂಗಡಿಗಳನ್ನು ಸೇರಿಸಿಕೊಂಡು ನಡೆಯುವ ಒಂದು ಆಪ್ ಬಳಸುತ್ತಾ ಬಂದಿದ್ದೇನೆ. ಅದರ ಹೆಸರು ಇಲ್ಲಿ ಬರೆಯುತ್ತಿಲ್ಲ. ಇಂಥ ಆಪ್ ಹೇಗಿರಬೇಕು ಅನ್ನುವುದೇ ಇಲ್ಲಿ ಮುಖ್ಯ.

ಅಂಗಡಿಗೆ ಹೋದರೆ ಹೂವಿನವರು ಕೇಳುವುದು ಎರಡೇ ಮಾತು: ಏನು ಫಂಕ್ಷನ್ನು, ಎಷ್ಟರಲ್ಲಿ ಮಾಡಲಿ? ಆಮೇಲೆ ಅವತ್ತು ಬಂದಿರುವ ಹೂ ತೋರಿಸುತ್ತಾರೆ. ಆಪ್ ಕೂಡ ಇದೇ ಸಾಲಿನಲ್ಲಿ ಕೇಳಬೇಕು. ಶುರುವಿನಲ್ಲಿ ಹಾಗಿರಲಿಲ್ಲ. ತೆರೆದ ಕೂಡಲೇ ಖಾಲಿ ಬೊಕೆಯ ಚಿತ್ರ ಬರುತ್ತಿತ್ತು. ಒಂದೊಂದೇ ಹೂವನ್ನು ಬೆರಳಲ್ಲಿ ಎಳೆದು ತಂದು ಅದರೊಳಗೆ ಸಿಕ್ಕಿಸಬೇಕಿತ್ತು. ನೋಡೋಕೆ ಚೆಂದ, ಆದರೆ ಎಲ್ಲ ಜೋಡಿಸಿದ ಮೇಲೆ ಬೆಲೆ ನೋಡಿದರೆ ಎರಡು ಸಾವಿರ ದಾಟಿರುತ್ತಿತ್ತು. ಮತ್ತೆ ಒಂದೊಂದನ್ನೇ ತೆಗೆಯಬೇಕು. ಈಗ ಮೊದಲ ಪುಟದಲ್ಲೇ ಸಂದರ್ಭ, ಬಜೆಟ್, ಬೇಕಾದ ಹೊತ್ತು ಕೇಳುತ್ತದೆ. ಆಮೇಲೆ ಆ ಬೆಲೆಗೆ ಕೂರುವ ಮೂರು ನಾಲ್ಕು ಜೋಡಣೆ ತೋರಿಸುತ್ತದೆ. ಒಂದನ್ನು ಆರಿಸಿ, ಗುಲಾಬಿ ಎರಡು ಕಡಿಮೆ, ಕಾರ್ನೇಷನ್ ಎರಡು ಜಾಸ್ತಿ ಅಂತ ಬದಲಾಯಿಸಬಹುದು. ಬದಲಾಯಿಸಿದಂತೆ ಮೊತ್ತವೂ ಕೆಳಗೆ ಬದಲಾಗುತ್ತದೆ. ಇದೊಂದು ಬದಲಾವಣೆಗೇ ನಾನು ಈ ಆಪ್ ಬಿಡದೆ ಉಳಿದುಕೊಂಡೆ.

ನನ್ನ ದೊಡ್ಡ ತಕರಾರು ಹೂ ಬದಲಿಸುವ ವಿಷಯದ್ದು. ಹಿರಿಯ ಸಹೋದ್ಯೋಗಿಯೊಬ್ಬರ ನಿವೃತ್ತಿಗೆ ಹಳದಿ ಲಿಲಿ ಹೇಳಿದ್ದೆ. ಅವರಿಗೆ ಅದು ತುಂಬಾ ಇಷ್ಟ. ಬಂದದ್ದು ಹಳದಿ ಜರ್ಬೆರಾ. ಸಿಗದಿದ್ದರೆ ಸಮಾನ ಬೆಲೆಯ ಬೇರೆ ಹೂ ಹಾಕುತ್ತೇವೆ ಅನ್ನುವ ಸಾಲು ನಿಯಮಗಳ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಹೂ ಹೊಲದಿಂದ ಬರುವಂಥದ್ದು, ದಿನಾ ಒಂದೇ ಥರ ಸಿಗುವುದಿಲ್ಲ, ಅದು ಅರ್ಥವಾಗುತ್ತದೆ. ಆದರೆ ಅಂಗಡಿಯಲ್ಲಾದರೆ ಕೇಳದೆ ಯಾರೂ ಬದಲಾಯಿಸುವುದಿಲ್ಲ, ಅಲ್ವಾ? ನಾನು ದೂರು ಬರೆದೆ. ಇನ್ನೂ ಎಷ್ಟೋ ಜನ ಬರೆದಿರಬೇಕು. ಈಗ ಅಂಗಡಿಯಿಂದಲೇ ಫೋನ್ ಬರುತ್ತದೆ: “ಮೇಡಂ, ಹಳದಿ ಲಿಲಿ ಇವತ್ತು ಬಂದಿಲ್ಲ, ಬಿಳಿ ಹಾಕ್ಲಾ?” ಕಟ್ಟಿ ಮುಗಿಸಿದ ಮೇಲೆ ನಿಜವಾದ ಬೊಕೆಯ ಫೋಟೊ ಕಳಿಸುತ್ತಾರೆ. ನಾನು ಸರಿ ಅಂದ ಮೇಲೆ ಗಾಡಿ ಹೊರಡುತ್ತದೆ. ಬೊಕೆ ಆಪ್ ಮಾಡುವವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ಬೆಲೆಯ ವಿಷಯದಲ್ಲೂ ಇಂಥದ್ದೇ ಸುಧಾರಣೆ ಆಗಿದೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಹೊತ್ತಿಗೆ ಹೂವಿನ ದರ ಏರುತ್ತದೆ, ಫೆಬ್ರವರಿ 14ರ ಸುತ್ತ ಕೆಂಪು ಗುಲಾಬಿ ಏರುತ್ತದೆ. ಇದು ನಮಗೆಲ್ಲ ಗೊತ್ತಿರುವುದೇ. ಮೊದಲು ವರ್ಷವಿಡೀ ಒಂದೇ ಬೆಲೆ ತೋರಿಸಿ, ಹಬ್ಬದ ದಿನ ಹೂ ಕಡಿಮೆ ಹಾಕುತ್ತಿದ್ದರು. ಈಗ ಪ್ರತಿ ಹೂವಿನ ಕೆಳಗೆ ಇವತ್ತಿನ ದರ ಇರುತ್ತದೆ. ಹೆಚ್ಚಾದರೂ ಪರವಾಗಿಲ್ಲ, ಮೊದಲೇ ಗೊತ್ತಾದರೆ ಸಾಕು.

ಕಾರ್ಡಿನ ಕನ್ನಡದ ಬಗ್ಗೆ ಹೇಳಲೇಬೇಕು. ಫೋನಿನಲ್ಲಿ ಬರೆಯುವಾಗ ಸರಿಯಾಗಿ ಕಾಣುತ್ತಿತ್ತು, ಮುದ್ರಿಸಿದ ಕಾರ್ಡಿನಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿ. ಅಮ್ಮ ಅನ್ನುವುದರಲ್ಲಿ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಇನ್ನೊಂದು ಮ ಆಗಿ ನಿಂತಿತ್ತು. ಯೂನಿಕೋಡ್, ಅಂದರೆ ಕಂಪ್ಯೂಟರ್, ಫೋನುಗಳಲ್ಲಿ ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಯ ಕನ್ನಡದಲ್ಲಿ ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವ ಕೆಲಸ ತಂತ್ರಾಂಶದ್ದು. ಅಂಗಡಿಯ ಮುದ್ರಣದ ತಂತ್ರಾಂಶಕ್ಕೆ ಅದು ಬರದಿದ್ದರೆ ಹೀಗಾಗುತ್ತದೆ. ಈಗ ಬರೆದದ್ದನ್ನು ಆಪ್ ತಾನೇ ಚಿತ್ರವಾಗಿ ಮಾಡಿ ಅಂಗಡಿಗೆ ಕಳಿಸುತ್ತದೆ. ನಮಗೂ ಮೊದಲೇ ತೋರಿಸುತ್ತದೆ. ಪ್ರೀತಿಯಿಂದ ಬರೆದ ಎರಡು ಸಾಲು ಮುರಿದುಕೊಂಡು ಹೋದರೆ ಮನಸ್ಸಿಗೆ ಬೇಜಾರು. ಇದನ್ನು ಸರಿಮಾಡಿದವರಿಗೆ ನಿಜವಾಗಿ ಧನ್ಯವಾದ.

ಮಲ್ಲಿಗೆ ಕೊಟ್ಟಿರುವ ರೀತಿ ನನಗೆ ಬಹಳ ಹಿಡಿಸಿತು. ಮೈಸೂರು ಮಲ್ಲಿಗೆಗೆ ಜಿಐ, ಅಂದರೆ ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆದರೆ ಉದ್ದ ತೊಟ್ಟಿಲ್ಲದ್ದರಿಂದ ಬೊಕೆಯಲ್ಲಿ ನಿಲ್ಲುವುದಿಲ್ಲ. ಇಲ್ಲಿ ಬೊಕೆಯ ಹಿಡಿಗೆ ಕಟ್ಟಿದ ಮಲ್ಲಿಗೆ ಸುತ್ತಿಸುವ ಆಯ್ಕೆ ಇದೆ. ಅಳತೆಯೂ ಮೊಳ, ಮಾರಿನಲ್ಲೇ. ಸುಗಂಧರಾಜದಲ್ಲೂ ಸಿಂಗಲ್ (ಒಂದೇ ಸುತ್ತು ಎಸಳು), ಡಬಲ್ (ಹಲವು ಸುತ್ತು ಎಸಳು) ಬೇರೆ ಬೇರೆ ತೋರಿಸುತ್ತಾರೆ. ಸಿಂಗಲ್ ಹಾರಕ್ಕೆ, ಡಬಲ್ ಬೊಕೆಗೆ. ಘಮ ಜಾಸ್ತಿ ಇರುವ ಹೂವಿಗೆ ಒಂದು ಗುರುತೂ ಇದೆ. ಉಬ್ಬಸ ಇರುವವರ ಮನೆಗೆ ಕಳಿಸುವಾಗ ಅದು ಉಪಯೋಗಕ್ಕೆ ಬರುತ್ತದೆ.

ವಿಳಾಸ ಮಾತ್ರ ಇನ್ನೂ ತಲೆನೋವು. ಕುವೆಂಪುನಗರದಲ್ಲೂ ಒಂದನೇ ಮೇನ್, ಸರಸ್ವತಿಪುರಂನಲ್ಲೂ ಒಂದನೇ ಮೇನ್. ಮ್ಯಾಪಿನ ಗುರುತು ಒಂದು ಬೀದಿ ಆಚೆ ಬಿದ್ದರೆ ಡೆಲಿವರಿ ಹುಡುಗ ಸುಮ್ನೆ ಸುತ್ತುತ್ತಾನೆ. ಯಾವ ಪಾರ್ಕಿನ ಎದುರು, ಯಾವ ದೇವಸ್ಥಾನದ ಪಕ್ಕ ಅಂತ ಬರೆಯಲು ದೊಡ್ಡ ಜಾಗ ಕೊಡಿ. ದಾರಿ ಕೇಳಲು ಅವನು ಬೊಕೆ ಪಡೆಯುವವರಿಗೇ ಫೋನ್ ಮಾಡಿಬಿಟ್ಟರೆ ಅಚ್ಚರಿಯೆಲ್ಲ ಅಲ್ಲೇ ಮುಗಿಯಿತು. ಕಳಿಸಿದವರಿಗೆ ಮೊದಲು ಕರೆ ಮಾಡಿ ಅನ್ನುವ ಆಯ್ಕೆ ಈಗ ಇದೆ, ಆದರೆ ಸೆಟ್ಟಿಂಗ್ಸ್ ಒಳಗೆ ಎಲ್ಲೋ ಅಡಗಿದೆ. ಅದು ಆರ್ಡರ್ ಪುಟದಲ್ಲೇ ಇರಬೇಕು.

ಬೊಕೆ ತಲುಪಿದ ಮೇಲೆ ಬರುವ ಸಂದೇಶ ಚಿಕ್ಕದು, ಆದರೆ ಕೆಲಸದ್ದು: ತೊಟ್ಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆ ತೆಗೆಯಿರಿ, ನೀರು ಬದಲಾಯಿಸುತ್ತಿರಿ, ಮಾಗಿದ ಹಣ್ಣಿನ ಹತ್ತಿರ ಇಡಬೇಡಿ. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂ ಬೇಗ ಬಾಡುತ್ತದೆ, ಅದರಲ್ಲೂ ಕಾರ್ನೇಷನ್.

ನಮ್ಮ ಅಮ್ಮನೂ ಇದರಲ್ಲಿ ಆರ್ಡರ್ ಮಾಡಲು ನೋಡಿದರು. ಭಾಷೆ ಕನ್ನಡವೇ, ಆದರೂ ಬೂದು ಬಣ್ಣದ ತೆಳು ಅಕ್ಷರ ಅವರಿಗೆ ಕಾಣಲಿಲ್ಲ. ಹೂ ಹೆಚ್ಚು ಕಡಿಮೆ ಮಾಡುವ ಗುಂಡಿಗಳು ತೀರಾ ಚಿಕ್ಕವು, ಒಂದು ಒತ್ತಿದರೆ ಪಕ್ಕದ್ದು ಒತ್ತುತ್ತದೆ. ಬೆರಳು ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಅಂತ ಆಂಡ್ರಾಯ್ಡ್ ಮಾರ್ಗಸೂಚಿಯೇ ಹೇಳುತ್ತದೆ. ಹಿನ್ನೆಲೆಗೂ ಅಕ್ಷರಕ್ಕೂ ಹೊಳಪಿನಲ್ಲಿ 4.5ಕ್ಕೆ 1ರಷ್ಟಾದರೂ ಅಂತರ ಇರಬೇಕು ಅನ್ನುವುದು ಎಲ್ಲರಿಗೂ ಓದಲು ಬಳಸಲು ಆಗಲಿ ಅಂತ ಮಾಡಿರುವ ವೆಬ್ ಸುಗಮತೆಯ ಮಾನದಂಡ. ಮುಂದಿನ ಅಪ್‌ಡೇಟ್‌ನಲ್ಲಿ ಇವೆರಡನ್ನು ಮೊದಲು ಮಾಡಿ. ಇವೆರಡು ಸರಿಯಾಗುವ ತನಕ ನನ್ನ ಅಂಕ ಐದಕ್ಕೆ ನಾಲ್ಕು.