ಫಮೀಲಿಯಾ ರೋಮಾನಾ: ಲ್ಯಾಟಿನ್ನಿನ ಭೂತಕಾಲಗಳನ್ನು ಕಥೆಯ ಮೂಲಕ ಕಲಿಸುವ ಪುಸ್ತಕ

ನಡೆದುಹೋದ ಸಂಗತಿಯನ್ನು ಹೇಳುವಾಗ ಇಂಪರ್ಫೆಕ್ಟ್ ರೂಪವನ್ನು (ಆಗ ನಡೆಯುತ್ತಿದ್ದುದನ್ನು, ರೂಢಿಯಾಗಿದ್ದುದನ್ನು ಹೇಳುವಂಥದು) ಬಳಸಬೇಕೋ ಪರ್ಫೆಕ್ಟ್ ರೂಪವನ್ನೋ (ನಡೆದು ಮುಗಿದುದನ್ನು ಹೇಳುವಂಥದು) ಎಂಬ ತೊಡಕು ಲ್ಯಾಟಿನ್ ಕಲಿಯುವವರನ್ನು ಬಹುಕಾಲ ಕಾಡುತ್ತದೆ. ಡೆನ್ಮಾರ್ಕಿನ ಹಾನ್ಸ್ ಓರ್ಬೆರ್ಗ್ (1920–2010) ರಚಿಸಿ 1955ರಲ್ಲಿ ಮೊದಲು ಹೊರತಂದ, ಈಗ 'ಲಿಂಗ್ವಾ ಲಾತೀನಾ ಪೆರ್ ಸೇ ಇಲ್ಲುಸ್ತ್ರಾತಾ' ಮಾಲೆಯ ಮೊದಲ ಭಾಗವಾಗಿ ದೊರೆಯುವ 'ಫಮೀಲಿಯಾ ರೋಮಾನಾ' ಪುಸ್ತಕವನ್ನು ಮುಖ್ಯವಾಗಿ ಈ ದೃಷ್ಟಿಯಿಂದಲೇ ಇಲ್ಲಿ ಪರಿಶೀಲಿಸಿದ್ದೇನೆ.

ಇದರ 35 ಅಧ್ಯಾಯಗಳೂ ಲ್ಯಾಟಿನ್ನಿನಲ್ಲಿಯೇ ಇವೆ. ಅನುವಾದವೆಂಬುದು ಎಲ್ಲಿಯೂ ಇಲ್ಲ. ಹೊಸ ಪದಗಳ ಅರ್ಥವನ್ನು ಚಿತ್ರಗಳಿಂದ, ಅಂಚಿನ ಟಿಪ್ಪಣಿಗಳಿಂದ ಮತ್ತು ಸಂದರ್ಭದಿಂದ ಓದುಗರೇ ಗ್ರಹಿಸಬೇಕು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮಿನ ಸಮೀಪದಲ್ಲಿ ವಾಸವಾಗಿರುವ ಯೂಲಿಯುಸನ ಕುಟುಂಬವೇ ಕಥಾವಸ್ತು.

ಮೊದಲ 18 ಅಧ್ಯಾಯಗಳಲ್ಲಿ ಕಥೆಯೆಲ್ಲ ವರ್ತಮಾನಕಾಲದಲ್ಲಿಯೇ ಸಾಗುತ್ತದೆ. 19ನೆಯದರಲ್ಲಿ ಹತ್ತು ವರ್ಷಗಳ ಹಿಂದೆ ಯೂಲಿಯುಸ್, ಈಗ ತನ್ನ ಹೆಂಡತಿಯಾಗಿರುವ ಎಮಿಲಿಯಾಳನ್ನು ಪ್ರೀತಿಸುತ್ತಿದ್ದ ಕಾಲದ ನೆನಪು ಬಂದಾಗ ಇಂಪರ್ಫೆಕ್ಟ್ ಪ್ರವೇಶಿಸುತ್ತದೆ. 21ನೆಯದರಲ್ಲಿ ಮಗ ಮಾರ್ಕುಸ್ ಶಾಲೆಯಿಂದ ಒದ್ದೆಯಾಗಿ, ಕೊಳಕಾಗಿ ಮನೆಗೆ ಬಂದು ಜಗಳದ ಕಥೆ ಹೇಳಬೇಕಾದಾಗ ಪರ್ಫೆಕ್ಟ್ ಬರುತ್ತದೆ. ಈ ಆಯ್ಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ಪ್ರೀತಿ ಬಹುಕಾಲ ಇದ್ದ ಸ್ಥಿತಿ, ಏಟು ಒಮ್ಮೆ ಬಿದ್ದು ಮುಗಿದ ಘಟನೆ. ನಿಯಮವನ್ನು ಹೇಳುವ ಮೊದಲೇ ಅದರ ಅಗತ್ಯವನ್ನು ಕಥೆ ಉಂಟುಮಾಡುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವೂ ಒಂದು ಅಪಾಯವೂ ಇದೆ. 'ಸ್ಕ್ರೀಬೇಬತ್' ಎಂಬ ಇಂಪರ್ಫೆಕ್ಟ್ ರೂಪಕ್ಕೆ ನಮ್ಮ 'ಬರೆಯುತ್ತಿದ್ದನು' ಸೊಗಸಾಗಿ ಹೊಂದುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸವನ್ನೂ ದಿನವೂ ಮಾಡುತ್ತಿದ್ದ ರೂಢಿಯನ್ನೂ ಎರಡು ಭಾಷೆಗಳೂ ಒಂದೇ ರೂಪದಿಂದ ಹೇಳುತ್ತವೆ. ಪರ್ಫೆಕ್ಟ್ ರೂಪವಾದ 'ಸ್ಕ್ರೀಪ್ಸಿತ್' ಮಾತ್ರ 'ಬರೆದನು' ಮತ್ತು 'ಬರೆದಿದ್ದಾನೆ' ಎರಡನ್ನೂ ಹೊರುತ್ತದೆ. 'ಬರೆದಿದ್ದನು' ಎನ್ನಲು ಪ್ಲೂಪರ್ಫೆಕ್ಟ್ (ನಡೆದುಹೋದ ಇನ್ನೊಂದು ಸಂಗತಿಗಿಂತಲೂ ಮೊದಲೇ ಮುಗಿದುದನ್ನು ಹೇಳುವ ರೂಪ) ಬೇಕು, ಅದು 24ನೆಯ ಅಧ್ಯಾಯದಲ್ಲಿದೆ. ಅಪಾಯವಿರುವುದು ಸ್ಥಿತಿಯನ್ನು ಸೂಚಿಸುವ ಕ್ರಿಯಾಪದಗಳಲ್ಲಿ. 'ತಿಳಿದಿತ್ತು', 'ಇತ್ತು' ಎಂಬಲ್ಲಿ ನಾವು ಸಾಮಾನ್ಯವಾಗಿ 'ಉತ್ತಿದ್ದ' ರೂಪವನ್ನು ಬಳಸುವುದಿಲ್ಲ, ಆದರೆ ಲ್ಯಾಟಿನ್ ಅಲ್ಲಿ ಬಹುಮಟ್ಟಿಗೆ ಇಂಪರ್ಫೆಕ್ಟನ್ನೇ ಬಯಸುತ್ತದೆ. 'ಇದ್ದನು' ಎಂಬ ಒಂದೇ ಪದ 'ಎರತ್' (ಇಂಪರ್ಫೆಕ್ಟ್) ಎಂದೂ ಆಗಬಹುದು, 'ಫುಇತ್' (ಪರ್ಫೆಕ್ಟ್) ಎಂದೂ ಆಗಬಹುದು. ರೋಮನ್ ಕವಿ ವರ್ಜಿಲನ 'ಫುಇತ್ ಈಲಿಉಮ್' ಎಂಬ ಮಾತು ಟ್ರಾಯ್ ಇತ್ತು, ಈಗಿಲ್ಲ ಎಂಬ ದುಃಖವನ್ನು ಕ್ರಿಯಾಪದದ ಕಾಲವೊಂದರಿಂದಲೇ ಹೇಳಿಬಿಡುತ್ತದೆ.

ಪುಸ್ತಕದ ಕೊರತೆ ಅಭ್ಯಾಸಗಳಲ್ಲಿದೆ. ಪ್ರತಿ ಅಧ್ಯಾಯದ ಕೊನೆಯ ಮೂರು 'ಪೆನ್ಸುಮ್'ಗಳಲ್ಲಿ ಮೊದಲನೆಯದು ಪ್ರತ್ಯಯಗಳನ್ನೂ ಎರಡನೆಯದು ಹೊಸ ಪದಗಳನ್ನೂ ತುಂಬಿಸುತ್ತದೆ, ಮೂರನೆಯದು ಪ್ರಶ್ನೆಗಳಿಗೆ ಉತ್ತರ ಕೇಳುತ್ತದೆ. ರೂಪಗಳು ಇದರಿಂದ ಗಟ್ಟಿಯಾಗುತ್ತವೆಯಾದರೂ, ಎರಡು ಕಾಲಗಳನ್ನು ಎದುರುಬದುರು ಇಟ್ಟು 'ಇಲ್ಲಿ ಇದೇ ಏಕೆ?' ಎಂದು ವಿದ್ಯಾರ್ಥಿಯನ್ನು ಯೋಚಿಸುವಂತೆ ಮಾಡುವ ಅಭ್ಯಾಸ ಸಾಲದು. ಆದ್ದರಿಂದ ಜೊತೆಗೊಂದು ವ್ಯಾಕರಣ ಪುಸ್ತಕವಿರುವುದು ಒಳ್ಳೆಯದು. ವರ್ಜಿಲನ 'ಈನಿಯಡ್' ಕಾವ್ಯದ ಎರಡನೆಯ ಸರ್ಗದ ಮೊದಲ ಸಾಲನ್ನು ಬರೆದಿಟ್ಟುಕೊಂಡರೂ ಉಪಯೋಗವಾದೀತು: 'ಕೊಂತಿಕುಏರೆ ಓಮ್ನೇಸ್, ಇಂತೆಂತೀಕ್ವೆ ಓರಾ ತೆನೇಬಂತ್'. ಎಲ್ಲರೂ ಮೌನವಾದರು, ಅದು ಪರ್ಫೆಕ್ಟ್; ಏಕಾಗ್ರತೆಯಿಂದ ಅತ್ತಲೇ ನೋಡುತ್ತ ಇದ್ದರು, ಅದು ಇಂಪರ್ಫೆಕ್ಟ್.

ಶಿಕ್ಷಕರಿಲ್ಲದೆ ಕಲಿಯುವವರಿಗೂ, ನಿಧಾನವಾಗಿ ಎರಡೆರಡು ಬಾರಿ ಓದುವ ತಾಳ್ಮೆಯಿದ್ದರೆ, ಈ ಪುಸ್ತಕವನ್ನು ಕೊಳ್ಳಿರೆಂದು ಹೇಳುತ್ತೇನೆ. 21ನೆಯ ಅಧ್ಯಾಯ ಮುಗಿದ ಮೇಲೆ 19ಕ್ಕೆ ಮರಳಿ, ಅಲ್ಲಿನ 'ಅಮಾಬತ್' (ಪ್ರೀತಿಸುತ್ತಿದ್ದನು) ಅನ್ನು 'ಅಮಾವಿತ್' (ಪ್ರೀತಿಸಿದನು) ಎಂದು ಬದಲಿಸಿ ಓದಿನೋಡಬೇಕು. ಎಮಿಲಿಯಾಳ ಮೇಲಿನ ಪ್ರೀತಿ ಮುಗಿದುಹೋಯಿತೇನೋ ಎಂಬ ಧ್ವನಿ ಆ ವಾಕ್ಯದಲ್ಲಿ ಸೇರಿಕೊಳ್ಳುವುದು ಕಿವಿಗೇ ತಿಳಿಯುತ್ತದೆ.